ಅಳತೆ ತಗ್ಗಿಸಿದ ಕರಪತ್ರ

ಮಸಿಯಕ್ಕ ಎಂಬ ಹೆಸರನ್ನು ಇಟ್ಟವರು ಯಾರೆಂದು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಉಗುರಿನ ಸಂದಿಯಲ್ಲಿ ಕಪ್ಪು, ಮೊಣಕೈಯಲ್ಲಿ ನೀಲಿ, ಒಂದೊಂದು ದಿನ ಕಿವಿಯ ಹಿಂದೆ ಕೆಂಪು, ಹೀಗೆ ಅಚ್ಚಿನ ಮಸಿಯನ್ನು ಮೈಗೆಲ್ಲ ಮೆತ್ತಿಕೊಂಡು ಓಡಾಡುವ ಹೆಂಗಸಿಗೆ ಬೇರೆ ಹೆಸರು ಇಟ್ಟರೂ ನಿಲ್ಲುತ್ತಿರಲಿಲ್ಲ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಅವಳ ಪ್ರೆಸ್ಸು, ಹಿಂದಿನ ಎರಡು ಕೋಣೆಗಳಲ್ಲಿ ಮನೆ. ನಡುವಿನ ಬಾಗಿಲು ಮುಚ್ಚಿದ್ದನ್ನು ನೋಡಿದವರಿಲ್ಲ. ಹಾಸಿಗೆಯ ತನಕ ಮಸಿಯ ವಾಸನೆ, ಯಂತ್ರದ ತನಕ ಅಡುಗೆಯ ವಾಸನೆ.

ಹುಡುಗಿಯಾಗಿದ್ದಾಗ ಅವಳು ಆ ಪ್ರೆಸ್ಸಿಗೆ ಕಾಗದ ಮಡಿಸುವ ಕೆಲಸಕ್ಕೆಂದು ಬಂದವಳು. ಮಡಿಸುತ್ತ ಮಡಿಸುತ್ತ ಯಜಮಾನರ ಮಗನನ್ನೇ ಮದುವೆಯಾದಳು. ಗಂಡ ನಡುವಯಸ್ಸಿನಲ್ಲೇ ತೀರಿಕೊಂಡಾಗ, ಇನ್ನು ಯಂತ್ರ ಮಾರಿಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಹಳೆಯ ಯಂತ್ರ ಕೊಳ್ಳುವ ದಲ್ಲಾಳಿಯೊಬ್ಬ ಬಂದು, ಸಮಾಧಾನದ ಮಾತಿನಿಂದ ಶುರು ಮಾಡಿ ಮೆಲ್ಲಗೆ ಬೆಲೆಗೆ ಇಳಿಯುವಷ್ಟರಲ್ಲಿ ಇವಳು ಎದ್ದು ಹೋಗಿ ಯಂತ್ರ ಚಾಲೂ ಮಾಡಿದಳು. ಆ ಸದ್ದಿನಲ್ಲಿ ಅವನು ಹೇಳಿದ ಬೆಲೆ ಅವನಿಗೇ ಕೇಳಿಸಲಿಲ್ಲ. ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿದ.

ಅವಳನ್ನು ಜಿಪುಣಿ ಎಂದರೆ ತಪ್ಪಾದೀತು. ದುಡ್ಡಿನಲ್ಲಿ ಅವಳ ಕೈ ಧಾರಾಳವೇ. ಕಾಗದದಲ್ಲಿ ಮಾತ್ರ ಅವಳು ರಾಕ್ಷಸಿ. ದೊಡ್ಡ ಹಾಳೆಯ ಅಂಚಿನಲ್ಲಿ ನಾಲ್ಕು ಬೆರಳು ಖಾಲಿ ಉಳಿಯುತ್ತದೆ ಎಂದರೆ ಅವಳಿಗೆ ಅನ್ನ ಸೇರುವುದಿಲ್ಲ. ಅಲ್ಲೊಂದು ರಸೀದಿ, ಇಲ್ಲೊಂದು ಔಷಧಿ ಸೀಸೆಯ ಚೀಟಿ ಎಂದು ತುರುಕಿ, ಕತ್ತರಿಸುವ ಯಂತ್ರದ ಕೆಳಗೆ ರದ್ದಿಯೇ ಬೀಳದಂತೆ ಮಾಡಿದ ದಿನ ಅವಳು ಹಾಡು ಗುನುಗುತ್ತಿದ್ದಳು. ಅದು ಹಾಡು ಎಂದು ಅವಳು ಹೇಳುತ್ತಿದ್ದಳು, ಕೇಳಿದವರ ಅಭಿಪ್ರಾಯ ಬೇರೆ.

ಹಿಂದಿನ ಕೋಣೆಯಲ್ಲಿ ಅತ್ತೆ ಇದ್ದಳು. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದು ನಂಬಿದವರು ಈ ಮನೆಗೆ ಬಂದು ನಿರಾಶರಾಗಿ ಹೋಗಿದ್ದುಂಟು. ಮುದುಕಿಗೆ ದೃಷ್ಟಿ ಮಂಜಾಗಿ ವರ್ಷಗಳಾಗಿದ್ದವು. ಬೆಳಕು ಎಲ್ಲಿದೆ, ಮನುಷ್ಯ ಎಲ್ಲಿದ್ದಾನೆ ಎನ್ನುವುದು ಕಾಣುತ್ತಿತ್ತು, ಯಾವ ಮನುಷ್ಯ ಎನ್ನುವುದು ದನಿಯಿಂದ ತಿಳಿಯಬೇಕಿತ್ತು. ಆದರೂ ಸಂಜೆಯಾದರೆ ಕೈಚೀಲ ಹಿಡಿದು ಒಬ್ಬಳೇ ಹೊರಡುತ್ತಿದ್ದಳು. ಹೊಸ್ತಿಲು ದಾಟಿ ಎಡಕ್ಕೆ ತಿರುಗಿದರೆ ಮೂಲೆಯ ಔಷಧಿ ಅಂಗಡಿ, ಅದರಾಚೆ ಸೋಪು ಬೆಂಕಿಪೊಟ್ಟಣದ ಅಂಗಡಿ, ನಲ್ಲಿಯ ಹತ್ತಿರ ಒಂದಿಷ್ಟು ಮಾತು, ವಾಪಸು. ಅಷ್ಟೇ ಅವಳ ರಾಜ್ಯ, ಆ ರಾಜ್ಯದಲ್ಲಿ ಯಾರೂ ಅವಳ ಕೈ ಹಿಡಿಯುವಂತಿರಲಿಲ್ಲ. ನೋಟುಗಳನ್ನು ಬೆರಳಿಗೆ ಸುತ್ತಿ ಅಳೆಯುತ್ತಿದ್ದಳು. ಇದು ಗೆಣ್ಣಿನ ತನಕ, ಇದು ಗೆಣ್ಣು ದಾಟಿ, ಇದು ಉಗುರಿನ ಬುಡದ ತನಕ. ಒಮ್ಮೆಯೂ ತಪ್ಪಿರಲಿಲ್ಲ.

ಮನೆ ನಡೆಯುತ್ತಿದ್ದದ್ದು ಪರೀಕ್ಷಾ ಮಂಡಳಿಯ ಪ್ರಶ್ನೆಪತ್ರಿಕೆಯ ಕೆಲಸದಿಂದ. ಗುಟ್ಟಿನ ಕೆಲಸ. ಪ್ರೆಸ್ಸಿನವರ ಮೇಲೆ ಪೊಲೀಸ್ ಕೇಸು ಒಂದಿದ್ದರೆ ಸಾಕು, ಮಂಡಳಿ ಆ ಪ್ರೆಸ್ಸಿನ ಹೆಸರು ಹೊಡೆದುಹಾಕುತ್ತದೆ. ಅಚ್ಚಾದ ಪತ್ರಿಕೆಗಳನ್ನು ಮಡಿಸಿ ಲಕೋಟೆಗೆ ಸೇರಿಸುತ್ತಿದ್ದವಳು ಅತ್ತೆ. "ಕಣ್ಣಿದ್ದವರು ಮಡಿಸಿದ್ರೆ ಪ್ರಶ್ನೆ ಊರೆಲ್ಲ ಸುತ್ತುತ್ತೆ. ನಾನು ಮಡಿಸಿದ್ರೆ ದೇವರಿಗೂ ಗೊತ್ತಾಗಲ್ಲ," ಎಂದು ತಾನೇ ಹೇಳಿ ತಾನೇ ನಗುತ್ತಿದ್ದಳು. ಅವಳ ಮಡಿಕೆಯ ಮೇಲೆ ಮರದ ಪಟ್ಟಿ ಇಟ್ಟು ನೋಡಿದರೂ ಕೂದಲೆಳೆಯಷ್ಟು ಓರೆ ಸಿಗುತ್ತಿರಲಿಲ್ಲ.

ಇಂಥ ಮನೆಗೆ ಒಂದು ದಿನ ಮಸಿಯಕ್ಕನ ತಮ್ಮ ಬಂದ. ಅವನದು ಸೋಫಾ ಅಂಗಡಿ. ಹಳೆಯ ಸರಕು ಖಾಲಿ ಮಾಡಲು ಅರ್ಧ ಬೆಲೆಗೆ ಮಾರುವ ಯೋಚನೆ ಇತ್ತು. ಅದಕ್ಕೊಂದು ಕರಪತ್ರದ ನಮೂನೆ ತಂದಿದ್ದ. ನೋಡಲು ಥೇಟ್ ನೋಟು. ಮುಖ ಇರಬೇಕಾದ ಕಡೆ ಒಂದು ಸೋಫಾ, ಬ್ಯಾಂಕಿನ ಹೆಸರು ಇರಬೇಕಾದ ಕಡೆ ಅಂಗಡಿಯ ಹೆಸರು.

"ಬಿದ್ದ ಕರಪತ್ರನ ಯಾರೂ ಬಗ್ಗಿ ಎತ್ಕೊಳಲ್ಲ ಅಕ್ಕ. ಬಿದ್ದ ನೋಟಿಗೆ ಬಗ್ಗದೇ ಇರೋರು ಇದ್ದಾರಾ ಹೇಳು," ಎಂದ ತಮ್ಮ.

"ಎತ್ಕೊಂಡು ನೋಡಿ ಬೈಯಲ್ವಾ?"

"ಬೈಕೊಂಡಾದ್ರೂ ಓದ್ತಾರಲ್ಲ."

ಚಿತ್ರ ಮಾಡಿಕೊಟ್ಟವಳು ಯಾರೋ ಹುಡುಗಿ. ಕರಪತ್ರವನ್ನು ಅಂಗೈ ಎರಡು ಜೋಡಿಸಿದಷ್ಟು ದೊಡ್ಡದಾಗಿ ಮಾಡಿ, ಮೂಲೆಯಲ್ಲಿ 'ಅಳತೆ ಬದಲಿಸಬಾರದು' ಎಂದು ಬರೆದಿದ್ದಳು. ಮಸಿಯಕ್ಕ ಅದನ್ನು ಓದಿದಳು. ಓದಿ ಮೂಗು ಮುರಿದಳು. "ಚಿತ್ರ ಬರೆಯೋರಿಗೆಲ್ಲ ಇದೊಂದು ಚಟ. ಅವರ ಚಿತ್ರ ಗೋಡೆಯಷ್ಟು ಆದ್ರೂ ಅವರಿಗೆ ಚಿಕ್ಕದೇ," ಎಂದಳು. ಆ ಅಳತೆಯಲ್ಲಿ ಇಟ್ಟರೆ ಹಾಳೆಯ ಎರಡು ಅಂಚಿನಲ್ಲೂ ಅಗಲವಾದ ಪಟ್ಟಿ ರದ್ದಿಗೆ ಹೋಗುತ್ತಿತ್ತು. ಅವಳು ಚಿತ್ರವನ್ನು ತಗ್ಗಿಸಿದಳು. ಇನ್ನೂ ಒಂದಿಷ್ಟು ತಗ್ಗಿಸಿದಳು. ಆಗ ಹಾಳೆ ಅಂಚಿನಿಂದ ಅಂಚಿಗೆ ಭರ್ತಿಯಾಯಿತು. ಹಾಳೆಯೂ ಹೊಸದಲ್ಲ, ಯಾವುದೋ ಶಾಲೆಯ ಪ್ರಶಸ್ತಿಪತ್ರಕ್ಕೆ ತಂದು ಮಿಕ್ಕಿದ್ದ ಗಟ್ಟಿ ಕಾಗದ, ಬೆರಳಿಗೆ ಗರಿಗರಿ. ಆ ಸಂಜೆ ಅವಳು ಗುನುಗಿದ್ದು ಬೀದಿಗೆಲ್ಲ ಕೇಳಿತು.

ತಮ್ಮ ಕರಪತ್ರದ ಗಂಟು ಒಯ್ದ, ಖುಷಿಯಾದ. ಮಾಡಿದ ಪ್ರತಿ ಕೆಲಸದ್ದೂ ಒಂದು ಸಣ್ಣ ಕಟ್ಟನ್ನು ನಮೂನೆಗೆಂದು ಉಳಿಸಿಕೊಳ್ಳುವುದು ಪ್ರೆಸ್ಸಿನವರ ಪದ್ಧತಿ. ಮಸಿಯಕ್ಕ ಆ ಕಟ್ಟನ್ನು ನಡುಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು. ಮನೆಖರ್ಚಿನ ನೋಟು ಇಡುತ್ತಿದ್ದದ್ದೂ ಅದೇ ಗೂಡಿನಲ್ಲಿ. ಅದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ, ಯಾಕೆಂದರೆ ಅವಳಿಗೆ ಕಣ್ಣು ಕಾಣುತ್ತಿತ್ತು.

ಸಂಜೆ ಅತ್ತೆ ಗೂಡಿಗೆ ಕೈ ಹಾಕಿ, ಎರಡು ನೋಟು ತೆಗೆದು, ಬೆರಳಿಗೆ ಸುತ್ತಿ ಅಳೆದು, ಸರಿಯಿದೆ ಎಂದು ಚೀಲಕ್ಕೆ ಹಾಕಿಕೊಂಡು ಹೊರಟಳು. ಔಷಧಿ ಅಂಗಡಿಯಲ್ಲಿ ಕಣ್ಣಿನ ಹನಿ ತೆಗೆದುಕೊಂಡು, ಸೋಫಾ ಇರುವ ನೋಟನ್ನು ರಾಜಠೀವಿಯಿಂದ ಮುಂದೆ ಚಾಚಿದಳು. ಅಂಗಡಿಯವನು ಕೆಲವೇ ದಿನಗಳ ಹಿಂದೆ ಯಾರಿಂದಲೋ ಖೋಟಾ ನೋಟು ಪಡೆದು ಬ್ಯಾಂಕಿನಲ್ಲಿ ಕಳ್ಳನ ಹಾಗೆ ನಿಂತು ಬಂದಿದ್ದ. ಅವನ ಹೊಟ್ಟೆಯಲ್ಲಿದ್ದ ಉರಿಯೆಲ್ಲ ಈಗ ಮುದುಕಿಯ ಮೇಲೆ ಬಿತ್ತು. ಕಾಣದವರ ಹಾಗೆ ನಟಿಸಿ ಮೋಸ ಮಾಡುತ್ತಾರೆ ಎಂದ. ನಾಲ್ಕು ಜನ ಸೇರಿದರು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಏಳಬೇಡಿ ಎಂದು ಹೇಳಿ ಠಾಣೆಗೆ ಫೋನು ಮಾಡಿದ.

ಠಾಣೆಯ ಅಧಿಕಾರಿಗೆ ಆ ದಿನ ವಿಪರೀತ ನೆಗಡಿ. ಕರವಸ್ತ್ರದಲ್ಲಿ ಮೂಗು ಹಿಡಿದುಕೊಂಡೇ ಅವರು ಕಾಗದವನ್ನು ತಿರುಗಿಸಿ ನೋಡಿದರು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರಿತ್ತು. ತಾನು ಮಾಡಿದ ಯಾವ ಕೆಲಸದ ಮೇಲೂ ಹೆಸರು ಹಾಕದೆ ಬಿಟ್ಟವಳಲ್ಲ ಮಸಿಯಕ್ಕ. ಹಾಗಾಗಿ ಹುಡುಕುವ ಕಷ್ಟವಿರಲಿಲ್ಲ. ಮುದುಕಿ, ಅಧಿಕಾರಿ, ಔಷಧಿ ಅಂಗಡಿಯವನು, ಹಿಂದೆ ಕೆಲಸವಿಲ್ಲದ ಒಂದಿಷ್ಟು ಜನ, ಎಲ್ಲರೂ ಪ್ರೆಸ್ಸಿಗೇ ಬಂದರು. ಸುದ್ದಿ ತಿಳಿದು ತಮ್ಮನೂ ಓಡಿಬಂದ.

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತು ಕಾನೂನು ಹೇಳಿದರು. "ನೋಟಿನ ಹಾಗೆ ಕಾಣೋ ಕಾಗದನ ಜಾಹೀರಾತಿಗೆ ಅಂತ ಮಾಡಿದ್ರೂ ತಪ್ಪೇ ಅಮ್ಮ. ಮೋಸದ ಉದ್ದೇಶ ಇರ್ಲೇಬೇಕು ಅಂತಿಲ್ಲ. ಮಾಡ್ಲೇಬೇಕು ಅಂದ್ರೆ ನೋಟಿಗಿಂತ ಒಂದೂವರೆ ಪಟ್ಟಾದ್ರೂ ದೊಡ್ಡದಾಗಿರ್ಬೇಕು. ಇದು ನೋಟಿನ ಅಳತೆಯೇ ಇದೆಯಲ್ಲ. ಯಾರು ಹೀಗೆ ಮಾಡಿದ್ದು?"

ಅಳತೆ ಬದಲಿಸಬಾರದು ಎಂದು ಆ ಹುಡುಗಿ ಯಾಕೆ ಬರೆದಿದ್ದಳು ಎನ್ನುವುದು ಮಸಿಯಕ್ಕನಿಗೆ ಆಗ ಹೊಳೆಯಿತು. ಕಾನೂನು ಎಂದರೆ ಸರ್ಕಾರ ತನ್ನ ಮೀಸೆ ತಿರುವಿಕೊಳ್ಳಲು ಬರೆದುಕೊಂಡದ್ದು ಎಂದು ನಾವೆಲ್ಲ ಗೊಣಗುತ್ತೇವೆ. ಇದೊಂದನ್ನು ಬರೆದವನು ಮಾತ್ರ ಯಾರೋ ಮುದುಕಿಯ ಬೆರಳನ್ನು ನೆನೆದುಕೊಂಡೇ ಬರೆದಿರಬೇಕು.

ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಅಧಿಕಾರಿಯನ್ನು ಮೂಲೆಗೆ ಕರೆದು ಏನೋ ಹೇಳಿದ. ವಾಪಸು ಬಂದು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ. "ಅಂಗಡಿಯವನು ದೂರು ಬಿಟ್ರೆ ಸಾಹೇಬರು ಬರೀ ಕರಪತ್ರ ತಗೊಂಡು ಹೋಗಿ ಸುಟ್ಟುಹಾಕ್ತಾರಂತೆ. ಕೇಸಿಲ್ಲ. ದೂರು ನಿಂತ್ರೆ ಮಾತ್ರ ಎಲ್ಲಾ ಬರೀಬೇಕಾಗುತ್ತೆ, ಅಚ್ಚು ಮಾಡಿದ್ದೂ ಸೇರಿ. ನಿಮ್ಮತ್ತೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಅರಳುಮರಳು ಅಂತ ಒಂದು ಮಾತು ಹೇಳಿಬಿಡು. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಹಾಗೆಂದ್ರೆ ಅವರು ನಾಳೆಯಿಂದ ಒಬ್ಬರೇ ಹೊರಗೆ ಹೋಗೋದು ಹೇಗೆ?"

"ಪ್ರಶ್ನೆಪತ್ರಿಕೆ ಹೋದ್ರೆ ನೀವಿಬ್ಬರೂ ತಿನ್ನೋದು ಏನು, ಅದನ್ನ ಯೋಚನೆ ಮಾಡು."

ದೃಷ್ಟಿ ಹೋದವರ ಕಿವಿ ಎಷ್ಟು ಚುರುಕು ಎನ್ನುವುದನ್ನು ತಮ್ಮ ಮರೆತಿದ್ದ. ಅಷ್ಟರಲ್ಲಿ ಅಧಿಕಾರಿ ಮುದುಕಿಯ ಕಡೆ ಬಗ್ಗಿ, ಕಿವುಡರೊಡನೆ ಮಾತಾಡುವ ದನಿಯಲ್ಲಿ, "ಅಜ್ಜಿ, ಇದು ನೋಟಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು.

ಅತ್ತೆ ಮುಖ ಎತ್ತಿದಳು. "ಯಾರು, ನೀನಾ? ಬಾ ಬಾ. ಎಷ್ಟು ಎತ್ತರ ಆಗ್ಬಿಟ್ಟೆ. ನಿಮ್ಮಪ್ಪನಿಗೆ ಹೇಳು, ಕಾರ್ಡು ಅಚ್ಚಾಗಿದೆ, ಬಂದು ತಗೊಂಡು ಹೋಗ್ಲಿ."

"ಅಜ್ಜಿ, ನಾನು ಪೊಲೀಸು."

"ಆಗಪ್ಪ, ಆಗು. ಚೆನ್ನಾಗಿ ಓದ್ಕೊಂಡ್ರೆ ಏನು ಬೇಕಾದ್ರೂ ಆಗಬಹುದು."

ಹಿಂದೆ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ಅತ್ತೆ ಆಚೀಚೆ ತಡವಿ ಸೊಸೆಯ ಸೆರಗು ಹಿಡಿದು, "ಈ ಹುಡುಗಿ ಯಾರು? ಮಡಿಸೋಕೆ ಹೊಸದಾಗಿ ಸೇರಿದವಳಾ?" ಎಂದು ಕೇಳಿದಳು. ಆಮೇಲೆ ತೀರಿಕೊಂಡು ಎಷ್ಟೋ ಕಾಲವಾಗಿದ್ದ ಗಂಡ ಇನ್ನೂ ಊಟಕ್ಕೆ ಬಂದಿಲ್ಲವೆಂದು ಚಡಪಡಿಸಿದಳು.

ನಗು ನಿಂತಿತು. ಔಷಧಿ ಅಂಗಡಿಯವನ ಮುಖ ಇಳಿದುಹೋಯಿತು. "ಬಿಡಿ ಸಾರ್, ನಂಗೆ ಗೊತ್ತಿರ್ಲಿಲ್ಲ," ಎಂದ. ಮಸಿಯಕ್ಕ ಒಂದು ಮಾತಾಡಿದ್ದರೆ ಸಾಕಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅಧಿಕಾರಿ ಗೂಡಿನಲ್ಲಿದ್ದ ಕಟ್ಟನ್ನೂ ತಮ್ಮನ ಅಂಗಡಿಯಲ್ಲಿ ಉಳಿದಿದ್ದ ಗಂಟನ್ನೂ ವಶಕ್ಕೆ ತೆಗೆದುಕೊಂಡು, ಇನ್ನು ಮುಂದೆ ಹುಷಾರು ಎಂದು ಹೇಳಿ ಸೀನುತ್ತ ಹೊರಟುಹೋದರು.

"ಹೋದ್ರಾ?" ಎಂದಳು ಅತ್ತೆ, ಬೀದಿ ತಣ್ಣಗಾದ ಮೇಲೆ.

"ಹೋದ್ರು ಅತ್ತೆ."

"ಹೇಗಿತ್ತು ನನ್ನ ಪಾತ್ರ?"

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮಸಿಯಕ್ಕನ ಕಣ್ಣಲ್ಲಿ ಬಂದದ್ದರಲ್ಲಿ ನಗುವಿನದೆಷ್ಟು, ಬೇರೆಯದೆಷ್ಟು ಎಂದು ಅವಳೂ ವಿಂಗಡಿಸಲು ಹೋಗಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮರುದಿನದ ಹೊತ್ತಿಗೆ ಮುದುಕಿಗೆ ಅರಳುಮರಳು ಎಂಬುದು ಬೀದಿಗೆಲ್ಲ ಗೊತ್ತಾಗಿತ್ತು, ಮಾತ್ರವಲ್ಲ, ಅದು ತಮಗೆ ಮೊದಲೇ ಗೊತ್ತಿತ್ತು ಎನ್ನುವವರೂ ಹುಟ್ಟಿಕೊಂಡಿದ್ದರು. ಸೋಪಿನ ಅಂಗಡಿಯವನು ಸರಕು ಕೊಡಲಿಲ್ಲ, "ಸೊಸೆಯನ್ನ ಕಳಿಸಿ ಅಜ್ಜಿ," ಎಂದ. ನಲ್ಲಿಯ ಹತ್ತಿರದ ಹೆಂಗಸರು ಅವಳು ಬಂದರೆ ಮಾತು ನಿಲ್ಲಿಸಿ, "ಊಟ ಆಯ್ತಾ? ಏನು ಊಟ ಮಾಡಿದ್ರಿ, ನೆನಪಿದೆಯಾ?" ಎಂದು ಮಗುವನ್ನು ಕೇಳಿದಂತೆ ಕೇಳತೊಡಗಿದರು. ಎಲ್ಲರಿಗಿಂತ ಹೆಚ್ಚು ಕರುಣೆ ಔಷಧಿ ಅಂಗಡಿಯವನದು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಅವನು ಅಂಗಡಿ ಬಿಟ್ಟು ಬಂದು ಅವಳ ಕೈ ಹಿಡಿದು ಮನೆಗೆ ತಲುಪಿಸುತ್ತಿದ್ದ.

ಮೊದಮೊದಲು ಅತ್ತೆ ಇದನ್ನೆಲ್ಲ ಹೇಳಿ ನಗುತ್ತಿದ್ದಳು. "ಇವತ್ತು ಅವನಿಗೆ ನಿನ್ನ ಹೆಸರು ಏನು ಅಂತ ಐದು ಸಲ ಕೇಳ್ದೆ. ಐದು ಸಲಾನೂ ಹೇಳ್ದ, ಪಾಪ." ಪಾತ್ರ ಕಟ್ಟಿದ ಮೇಲೆ ನಡುವೆ ವೇಷ ಕಳಚುವಂತಿಲ್ಲ, ಕಳಚಿದರೆ ದೂರು ಮತ್ತೆ ಏಳುತ್ತದೆ. ಅಷ್ಟು ಅವಳಿಗೂ ತಿಳಿದಿತ್ತು. ನಂತರ ನಗುವುದು ಕಡಿಮೆಯಾಯಿತು. ಒಂದು ಸಂಜೆ ಹೊರಡಲಿಲ್ಲ. ಆಮೇಲೆ ಹೊರಡದ ಸಂಜೆಗಳೇ ಹೆಚ್ಚಾದವು. ಕಾಲು ನೋವು ಎಂದಳು.

ಮಸಿಯಕ್ಕನೂ ಬದಲಾಗುತ್ತಿದ್ದಳು. ಬದಲಾದದ್ದು ಅವಳ ಗಮನಕ್ಕೆ ಬರಲಿಲ್ಲ. ಅತ್ತೆ ಒಲೆ ಆರಿಸಿದ ಮೇಲೆ ತಾನೊಮ್ಮೆ ಹೋಗಿ ನೋಡುವುದು, ಹೇಳಿದ್ದನ್ನೇ ಎರಡು ಸಲ ಹೇಳುವುದು, ದನಿ ಎತ್ತರಿಸುವುದು. ಪ್ರಶ್ನೆಪತ್ರಿಕೆಯ ಕೆಲಸ ಬಂದಾಗ ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತರು. ಅತ್ತೆ ಮಡಿಸಿ ಪಕ್ಕಕ್ಕಿಡುತ್ತಿದ್ದಳು. ಮಸಿಯಕ್ಕ ಅದನ್ನು ಎತ್ತಿಕೊಂಡು, ಬಿಡಿಸಿ, ನೋಡಿ, ಮತ್ತೆ ಮಡಿಸಿ ಲಕೋಟೆಗೆ ಹಾಕುತ್ತಿದ್ದಳು.

ಅತ್ತೆಯ ಕೈ ನಿಂತಿತು. ಕಾಗದ ಬಿಡಿಸುವ ಸದ್ದೇ ಬೇರೆ, ಮಡಿಸುವ ಸದ್ದೇ ಬೇರೆ. ಆಯುಷ್ಯವಿಡೀ ಕಾಗದ ಮಡಿಸಿದವಳಿಗೆ ಅದು ತಿಳಿಯದೆ ಇರುತ್ತದೆಯೆ?

"ನೀನೂ ನೋಡ್ತಿದೀಯಾ?" ಎಂದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಮಸಿಯಕ್ಕ ತಡೆದುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಕೈಯ ಮಸಿಯನ್ನೂ ತೊಳೆಯದೆ ಠಾಣೆಗೆ ಹೋದಳು. ಅಧಿಕಾರಿಗೆ ನೆಗಡಿ ವಾಸಿಯಾಗಿತ್ತು, ತಾಳ್ಮೆ ಹಾಗೇ ಇತ್ತು. "ಮುಗಿದ ವಿಷಯ ಯಾಕಮ್ಮ ಕೆದಕ್ತೀರಿ?" ಎಂದರು.

"ಅಳತೆ ತಗ್ಗಿಸಿದ್ದು ನಾನು. ಕಾಗದ ಉಳಿಯುತ್ತೆ ಅಂತ. ಬದಲಿಸಬೇಡಿ ಅಂತ ಬರೆದಿತ್ತು, ಓದಿಯೂ ತಗ್ಗಿಸಿದೆ. ನಮ್ಮತ್ತೆ ನೋಟು ಅಳೆದದ್ದು ಸರಿಯಾಗೇ ಇತ್ತು. ಅವರಿಗೆ ಅರಳುಮರಳಿಲ್ಲ. ಪ್ರೆಸ್ಸು ಉಳೀಲಿ ಅಂತ ನಾಟಕ ಆಡಿದ್ರು."

"ನನ್ನ ಮುಂದೇನಾ?"

"ನಿಮ್ಮ ಮುಂದೆಯೇ ಸಾರ್."

ಅಧಿಕಾರಿ ಪೆನ್ನು ಕೈಗೆತ್ತಿಕೊಂಡು, "ಓದಿ ಮುಂದೆ ಬಾ ಅಂತ ಆಶೀರ್ವಾದ ಬೇರೆ ಮಾಡಿದ್ರಲ್ರೀ," ಎಂದರು. ನಂತರ ಬರೆದುಕೊಂಡರು. ಬರೆದ ಮೇಲೆ ಕಾನೂನು ತನ್ನ ದಾರಿ ಹಿಡಿಯಿತು. ನ್ಯಾಯಾಲಯದಲ್ಲಿ ದಂಡ ವಿಧಿಸಿದರು, ಅದೇನು ದೊಡ್ಡದಲ್ಲ. ಆ ಕರಪತ್ರದ ಅಚ್ಚಿನ ತಗಡನ್ನು ಅವಳ ಎದುರಿಗೇ ಸುತ್ತಿಗೆಯಿಂದ ಬಡಿದು ಹಾಳು ಮಾಡಿದರು. ಮಂಡಳಿ ಪ್ರೆಸ್ಸಿನ ಹೆಸರು ಹೊಡೆದುಹಾಕಿತು. ತಮ್ಮ, ಅಕ್ಕನಿಗೂ ಅರಳುಮರಳು ಶುರುವಾಗಿದೆ ಎಂದು ಎಲ್ಲರ ಬಳಿಯೂ ಹೇಳಿಕೊಂಡು ತಿರುಗಿದ. ಔಷಧಿ ಅಂಗಡಿಯವನಿಗೆ ಎರಡು ಸಲ ಮೋಸ ಹೋದ ಅವಮಾನ. ಅಜ್ಜಿ ಸಿಕ್ಕರೆ ಸರಿಯಾಗಿ ಕೇಳುತ್ತೇನೆ ಎಂದು ಗುಡುಗಿದ. ಅಜ್ಜಿಯನ್ನು ಸರಿಯಾಗಿ ಕೇಳಬಹುದು ಎಂದು ಅವನಿಗೆ ಅನ್ನಿಸಿದ್ದೇ ಮಸಿಯಕ್ಕನಿಗೆ ಸಂತೋಷದ ಸಂಗತಿಯಾಗಿತ್ತು.

ಸಂತೋಷಪಡದವಳೆಂದರೆ ಅತ್ತೆ. "ನಿನ್ನನ್ನ ಯಾರು ಕೇಳಿದ್ರು?" ಎಂದು ಸಿಡಿದಳು. "ಮುದುಕಿಗೆ ಇನ್ನೆಷ್ಟು ದಿನದ ಮರ್ಯಾದೆ? ಅದನ್ನ ಕೊಟ್ಟು ನಿನ್ನ ಅನ್ನ ಉಳಿಸಿದ್ದೆ. ನೀನು ಎರಡನ್ನೂ ತಗೊಂಡು ಹೋಗಿ ಠಾಣೆಯಲ್ಲಿ ಸುರಿದು ಬಂದೆ." ಆಮೇಲೆ ಮಾತು ಬಿಟ್ಟಳು. ಅತ್ತೆ ಸೊಸೆ ಜಗಳ ನೋಡಬೇಕೆಂದಿದ್ದವರ ಆಸೆ ಕೊನೆಗೂ ಈಡೇರಿತು.

ಪ್ರಶ್ನೆಪತ್ರಿಕೆ ಹೋಗಿ ಈಗ ಪ್ರೆಸ್ಸಿಗೆ ಬರುತ್ತಿದ್ದದ್ದು ಸೋಪಿನ ಪೊಟ್ಟಣದೊಳಗೆ ಇಡುವ ಚೀಟಿ, ಬಸ್ಸಿನ ಹಿಂದೆ ಅಂಟಿಸುವ ಹಾಳೆ, ಇಂಥ ಚಿಲ್ಲರೆ ಕೆಲಸ. ಒಂದು ಸಂಜೆ ಇಬ್ಬರೂ ಎದುರುಬದುರು ಕೂತು ಸೋಪಿನ ಚೀಟಿ ಮಡಿಸುತ್ತಿದ್ದರು. ಮಸಿಯಕ್ಕ ಯಾವುದನ್ನೂ ಬಿಡಿಸಿ ನೋಡುತ್ತಿರಲಿಲ್ಲ.

"ನಾನು ಹೇಳದೇ ಇದ್ದಿದ್ರೆ ಎಲ್ಲರ ಲೆಕ್ಕದಲ್ಲೂ ನೀವು ಹಾಗೇ ಉಳಿದುಬಿಡ್ತಿದ್ರಿ ಅತ್ತೆ," ಎಂದಳು. ಉತ್ತರ ಬರುತ್ತದೆ ಎಂದು ಹೇಳಿದ ಮಾತಲ್ಲ.

ಅತ್ತೆ ಮಡಿಸುತ್ತಲೇ ಇದ್ದಳು. ಕೈಯಲ್ಲಿದ್ದ ಚೀಟಿಯನ್ನು ಪಕ್ಕಕ್ಕಿಟ್ಟು, "ಎಲ್ಲರ ಲೆಕ್ಕ ಇರ್ಲಿ," ಎಂದಳು. "ಒಂದು ದಿನ ಔಷಧಿ ಅಂಗಡಿಯವನು, ಅಜ್ಜಿ, ನಿಮ್ಮ ಮನೆ ಯಾವ ಕಡೆ ಹೇಳಿ ನೋಡೋಣ ಅಂದ. ನಾಟಕ ಅಲ್ವಾ, ಗೊತ್ತಿಲ್ಲಪ್ಪ ಅಂದೆ. ಅಂದ ಮೇಲೆ ಸುಮ್ನೆ ತಲೆಯೊಳಗೆ ಹುಡುಕಿದೆ ಕಣೇ, ಎಡಕ್ಕೋ ಬಲಕ್ಕೋ ಅಂತ. ಸಿಗಲಿಲ್ಲ. ಅವನು ಕೈ ಹಿಡ್ಕೊಂಡು ಬಂದು ಬಿಟ್ಟ, ನಾನು ಬಂದೆ. ಯಂತ್ರದ ಸದ್ದು ಕೇಳಿದ ಮೇಲೇ ನಮ್ಮ ಮನೆ ಅಂತ ಗೊತ್ತಾದದ್ದು. ಆಡ್ತಿದ್ದದ್ದು ಎಲ್ಲಿಗೆ ಮುಗೀತು, ಆಗ್ತಿದ್ದದ್ದು ಎಲ್ಲಿಂದ ಶುರುವಾಯ್ತು, ನಂಗೇ ತಿಳೀಲಿಲ್ಲ."

ಮಸಿಯಕ್ಕನ ಕೈಯಲ್ಲಿದ್ದ ಚೀಟಿ ಅರ್ಧ ಮಡಿಸಿದ ಹಾಗೇ ಉಳಿಯಿತು.

"ನಿಂಗೆ ಹೇಳೋಕೆ ಹೆದರಿಕೆ ಆಯ್ತು," ಎಂದು ಅತ್ತೆ ಎದ್ದಳು. ಗೋಡೆ ತಡವಿ ಚಪ್ಪಲಿ ಮೆಟ್ಟಿಕೊಂಡಳು, ಕೈಚೀಲ ಹುಡುಕಿ ತೆಗೆದುಕೊಂಡಳು. "ಅವನೇನೋ ಸರಿಯಾಗಿ ಕೇಳ್ತೀನಿ ಅಂದಿದ್ದಾನಂತೆ. ಕೇಳಿಸ್ಕೊಂಡು ಬರ್ತೀನಿ."

ಹಿಂದೆಯೇ ಓಡಬೇಕು, ಕೈ ಹಿಡಿಯಬೇಕು, ಎಡಕ್ಕೆ ಎಂದು ಹೇಳಬೇಕು ಎಂದು ಮಸಿಯಕ್ಕನಿಗೆ ಮೈಯೆಲ್ಲ ಅನಿಸಿತು. ಹೊಸ್ತಿಲಲ್ಲಿ ಅತ್ತೆ ಒಂದು ಗಳಿಗೆ ನಿಂತಳು. ಮಸಿಯಕ್ಕ ಕೂತಲ್ಲೇ ಕೂತಿದ್ದಳು. ಅತ್ತೆ ಎಡಕ್ಕೆ ತಿರುಗಿದಳು.